ಅಮಲ್ದಾರರ ಬೆನ್ನೂ ಹಳ್ಳದ ಸ್ಪಂಜೂ

ನನ್ನ ಗಂಡ ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದರು. ಹುಡುಗರಿಗೆ ಕಪ್ಪೆ ಕೊಯ್ದು ತೋರಿಸುವುದು, ಅವರು ಬರೆದ ಚಿತ್ರ ತಿದ್ದುವುದು, ಗಾಜಿನ ಜಾಡಿಗಳನ್ನು ಜೋಪಾನ ಮಾಡುವುದು ಅವರ ಕೆಲಸ. ಹುಣಸೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಆ ಇಂಗ್ಲಿಷ್ ಮಾತು ಯಾರ ಬಾಯಲ್ಲೂ ನಿಲ್ಲಲಿಲ್ಲ. ಮದುವೆಯ ಮಾತುಕತೆ ಮುಗಿಸಿಕೊಂಡು ಬಂದ ಅಪ್ಪ ಜಗಲಿಯ ಮೇಲೆ ಕೂತು "ಡೆಮಾಸ್ಟ್ರೇಟು" ಅಂದರು. ಅದು ಊರಬಾಗಿಲು ಮುಟ್ಟುವ ಹೊತ್ತಿಗೆ "ಮ್ಯಾಜಿಸ್ಟ್ರೇಟು" ಆಗಿತ್ತು. ಚಪ್ಪರದ ದಿನವೇ ಇಬ್ಬರು ಅಣ್ಣತಮ್ಮಂದಿರು ಬೇಲಿಯ ತಕರಾರು ತೆಗೆದುಕೊಂಡು ಬಂದು ಮದುಮಗನ ಮುಂದೆ ಕೈಕಟ್ಟಿ ನಿಂತರಂತೆ. ಇವರು ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿ, "ಬೇಲಿಗೆ ಯಾವ ಗಿಡ ಹಾಕಿದ್ದೀರಿ?" ಅಂತ ಕೇಳಿದರಂತೆ. ಕಳ್ಳಿ ಅಂದಾಗ, ಕಳ್ಳಿಯಲ್ಲಿ ಎಷ್ಟು ಬಗೆ ಇದೆ ಅಂತ ವಿವರಿಸಿ ಕಳಿಸಿದರಂತೆ. ಅಣ್ಣತಮ್ಮಂದಿರು ದಾರಿಯಲ್ಲೇ ರಾಜಿಯಾದರು ಅಂತ ಊರಲ್ಲಿ ಹೆಸರಾಯಿತು.

ಅವರ ಊರು ಕೃಷ್ಣರಾಜನಗರದ ಕಡೆ. ಅವರದೂ ನಮ್ಮ ಹಾಗೆ ಬೇಸಾಯದ ಮನೆ. ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದಿದವರು. ಓದಿದ್ದಕ್ಕೆ ವಕೀಲರೋ ಶೇಕದಾರರೋ ಆಗುತ್ತಾರೆ ಅಂತ ಮನೆಯವರು ಕಾದಿದ್ದರೆ, ಇವರು ಸ್ಪಂಜು ಹಿಡಿದುಕೊಂಡು ಕೂತರು. ಬೇರೆ ಪ್ರಾಣಿಗಳ ಮೇಲೆ ಅವರಿಗೆ ದ್ವೇಷವೇನೂ ಇರಲಿಲ್ಲ. ಆದರೆ ಹುಲಿ ಆನೆಯ ವಿಷಯ ಬಂದರೆ ಅರ್ಧ ಮನಸ್ಸಿನಿಂದ ಕೇಳುವರು. ಸ್ಪಂಜಿನ ಮಾತು ಬಂದರೆ ಊಟದ ಎಲೆಯಿಂದಲೂ ಎದ್ದು ಬರುವರು.

ಮದುವೆಯಾದ ಮೊದಲ ಬೇಸಿಗೆ ರಜಕ್ಕೆ ನಾವು ನನ್ನ ತೌರಿಗೆ ಬಂದೆವು. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಬೆನ್ನಿಗೆ ಒಂದು ಒಲೆ ಕಟ್ಟಿಕೊಂಡು ಹೊಗೆಯುಗುಳುತ್ತ ಬರುವ ಆ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ಗಂಡಸರು ಇಳಿದು ನೂಕಬೇಕು. ನನ್ನ ಗಂಡ ಮಾತ್ರ ಇಳಿಯಲಿಲ್ಲ. ಅವರ ತೊಡೆಯ ಮೇಲೆ ಮರದ ಪೆಟ್ಟಿಗೆ, ಕಾಲ ನಡುವೆ ಗೋಣಿಯಲ್ಲಿ ಸುತ್ತಿದ ಜಾಡಿಗಳು. ಕಂಡಕ್ಟರು ಕೇಳಿದ್ದಕ್ಕೆ, "ಜೀವ ಇದೆ, ಅಲ್ಲಾಡಿಸಬಾರದು" ಅಂದರು. ಅವೆಲ್ಲ ಸತ್ತು ವರ್ಷಗಳಾಗಿದ್ದವು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಮನೆಗೆ ಬಂದು ಕೈಕಾಲು ತೊಳೆಯುವ ಮುಂಚೆಯೇ ಅಜ್ಜಿ ಜಾಡಿಗಳನ್ನು ಮುಟ್ಟಿ ನೋಡಿದರು. ಅಪ್ಪನ ತಾಯಿ ಅವರು; ಮನೆಯಲ್ಲಿ ಅವರ ಮಾತೇ ಕೊನೆಯ ಮಾತು. ಮೊಮ್ಮಗಳ ಗಂಡ ಮೈಸೂರಿನಿಂದ ಉಪ್ಪಿನಕಾಯಿ ತಂದಿದ್ದಾನೆ ಅಂತ ಅವರು ತಿಳಿದಿದ್ದರು. ಇವರು ಜಗಲಿಯ ಮೇಲೆ ಒಂದು ಪಂಚೆ ಹಾಸಿ ಒಂದೊಂದಾಗಿ ಎಲ್ಲವನ್ನೂ ಇಟ್ಟರು. ಬೆರಳು ಬೆರಳಾಗಿ ಕವಲೊಡೆದದ್ದೊಂದು, ಲೋಟದ ಹಾಗೆ ಬಾಯಿ ತೆರೆದದ್ದೊಂದು, ಕಲ್ಲಿಗೆ ಹಿಟ್ಟು ಮೆತ್ತಿದ ಹಾಗಿದ್ದದ್ದೊಂದು, ಉಗುರಿನಷ್ಟೇ ಇದ್ದ ಬಿಳಿ ಹೂಜಿಯಂಥದ್ದೊಂದು. ಒಂದಂತೂ ಬೆಳ್ಳಿಯ ಎಳೆಯಲ್ಲಿ ಹೆಣೆದ ಬುಟ್ಟಿಯ ಹಾಗಿತ್ತು. ಅದನ್ನು ಅವರ ಗುರುಗಳು ಕೊಟ್ಟದ್ದಂತೆ. ಜಪಾನಿನ ಕಡೆಯ ಆಳ ಸಮುದ್ರದ್ದಂತೆ. ಕೊನೆಯದು ಹಳದಿ ಬಣ್ಣದ, ಮೆತ್ತಗಿನ, ತೂತುತೂತಾದ ಗುಂಡು. ಪಟ್ಟಣದ ದೊಡ್ಡವರು ಮೈ ಉಜ್ಜಿಕೊಳ್ಳುವ ಸ್ಪಂಜು.

"ಇವೆಲ್ಲ ಏನಪ್ಪ?" ಅಂದರು ಅಜ್ಜಿ.

"ಸ್ಪಂಜು, ಅಜ್ಜಿ. ಸಮುದ್ರದವು. ರಾಮೇಶ್ವರದ ಹತ್ತಿರ ನಾನೇ ಆಯ್ದುಕೊಂಡು ಬಂದದ್ದೇ ಜಾಸ್ತಿ."

ಅಜ್ಜಿಯ ಕಿವಿಗೆ ಬಿದ್ದದ್ದು 'ಪಂಜು'. ನೀರೊಳಗೆ ಪಂಜು ಹೇಗೆ ಉರಿಯುತ್ತದೆ ಅಂತ ಅವರಿಗೆ ಅನುಮಾನ ಬಂತು. ಆದರೆ ರಾಮೇಶ್ವರ ಅನ್ನುವ ಮಾತು ಅದಕ್ಕಿಂತ ದೊಡ್ಡದು.

"ರಾಮೇಸ್ವರಕ್ಕೆ ಓಗಿದ್ಯಾ? ಸಾಮಿ ದರ್ಸನ ಆಯ್ತೇನಪ್ಪ?"

"ಇಲ್ಲ ಅಜ್ಜಿ. ಸಮುದ್ರ ಇಳಿದಿತ್ತು. ಅದು ಮತ್ತೆ ಏರೋದರೊಳಗೆ ಇವನ್ನ ಆರಿಸಿಕೊಳ್ಳಬೇಕಾಗಿತ್ತು."

ಅಜ್ಜಿ ನನ್ನ ಮುಖ ನೋಡಿದರು. ಮದುವೆಯಾಗಿ ಹೋಗಿದೆ, ಇನ್ನೇನು ಮಾಡಲು ಬರುತ್ತದೆ ಅನ್ನುವ ನೋಟ ಅದು.

ಅಷ್ಟರಲ್ಲಿ ಅಪ್ಪ ಬಂದರು, ಜೊತೆಗೆ ನನ್ನ ಸೋದರಮಾವ. ಮಾವ ಅವ್ವನ ತಮ್ಮ. ಅವರ ಹಳ್ಳಿ ಅಂತರಸಂತೆ ದಾಟಿ ಒಳಗೆ, ಕಾಡಿನ ಅಂಚಿನಲ್ಲಿ. ಎತ್ತು ನೋಡಲು ನಮ್ಮ ಕಡೆ ಬಂದವರು ಅಳಿಯಂದಿರನ್ನೂ ನೋಡಿಕೊಂಡು ಹೋಗೋಣ ಅಂತ ಉಳಿದಿದ್ದರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು. ಬಾಯಲ್ಲಿ ಎಲೆಯಡಿಕೆ ಇಲ್ಲದ ಹೊತ್ತನ್ನು ನಾನು ಕಂಡದ್ದಿಲ್ಲ.

ಇವು ಗಿಡವೋ ಕಲ್ಲೋ ಅಂತ ಅಪ್ಪ ಕೇಳಿದರು. ಎರಡೂ ಅಲ್ಲ, ಪ್ರಾಣಿ ಅಂದರು ನಮ್ಮವರು.

"ಪ್ರಾಣಿನಾ?" ಅಜ್ಜಿ ಲೋಟದಂಥದ್ದನ್ನು ಬೋರಲು ಹಾಕಿ ನೋಡಿದರು. "ಕಣ್ಣೆಲ್ಲಪ್ಪ?"

"ಕಣ್ಣಿಲ್ಲ."

"ಬಾಯಿ?"

"ಮೈಯೆಲ್ಲ ಬಾಯಿ ಅನ್ನಿ. ಸಣ್ಣ ಸಣ್ಣ ತೂತಿಂದ ನೀರು ಒಳಕ್ಕೆ ಎಳೆದುಕೊಂಡು, ಅದರಲ್ಲಿರೋ ಚೂರುಪಾರನ್ನ ತಿಂದು, ದೊಡ್ಡ ತೂತಿಂದ ಆಚೆ ಬಿಡುತ್ತೆ."

"ನಡೆಯಾಕಿಲ್ವಾ?"

"ಹುಟ್ಟಿದ ಹೊಸತರಲ್ಲಿ ಸ್ವಲ್ಪ ಈಜುತ್ತೆ. ಆಮೇಲೆ ಒಂದು ಕಡೆ ಕೂತರೆ ಮುಗೀತು. ಸಾಯೋವರೆಗೂ ಅಲ್ಲೇ."

"ನಮ್ಮ ಶ್ಯಾನುಭೋಗರಂಗೆ," ಅಂದರು ಅಪ್ಪ.

ಇದರಿಂದ ನಮ್ಮವರಿಗೆ ಹುರುಪು ಬಂತು. ಜಗಲಿಯೇ ಕಾಲೇಜಾಯಿತು. ಸ್ಪಂಜನ್ನು ಆಕಾರ ನೋಡಿ ವಿಂಗಡಿಸುವ ಹಾಗಿಲ್ಲ ಅಂತ ಶುರು ಮಾಡಿದರು. ಒಂದೇ ಬಗೆಯದು ಅಲೆ ಬಡಿಯುವಲ್ಲಿ ಬಂಡೆಗೆ ಅಂಟಿಕೊಂಡು ಚಪ್ಪಟೆಯಾಗಿರುತ್ತದೆ. ನಿಂತ ನೀರಿನಲ್ಲಿ ಕೊಂಬೆ ಬಿಟ್ಟು ನಿಲ್ಲುತ್ತದೆ. ಬಣ್ಣವನ್ನಂತೂ ನಂಬಲೇಬಾರದು, ಕೆಂಪಾಗಿದ್ದದ್ದು ಜಾಡಿಗೆ ಹಾಕಿದರೆ ಬೂದಿಯಾಗುತ್ತದೆ. ನೋಡಬೇಕಾದ್ದು ಒಳಗಿನ ಮೂಳೆ. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಅವು. ಸುಣ್ಣದ ಮುಳ್ಳಿರುವವು ಒಂದು ಕುಲ, ಆ ಉಗುರಿನಷ್ಟರ ಹೂಜಿಯ ಹಾಗೆ. ಆರು ಕವಲಿನ ಗಾಜಿನ ಮುಳ್ಳಿರುವವು ಇನ್ನೊಂದು ಕುಲ, ಆ ಬೆಳ್ಳಿ ಬುಟ್ಟಿಯ ಹಾಗೆ. ಮಿಕ್ಕವೆಲ್ಲ ಮೂರನೆಯ ಕುಲ. ಅದೇ ಎಲ್ಲಕ್ಕಿಂತ ದೊಡ್ಡದು.

"ಮೂರರಲ್ಲಿ ಯಾವುದಪ್ಪ ಮೇಲು?" ಅಂದರು ಅಜ್ಜಿ.

"ಮೇಲು ಕೀಳು ಇಲ್ಲ ಅಜ್ಜಿ. ಬೇರೆ ಬೇರೆ, ಅಷ್ಟೇ."

"ಬುಡು, ನೀನಿನ್ನೂ ಚಿಕ್ಕೋನು. ಮೂರು ಕುಲ ಅಂದ್ಮೇಲೆ ಮೇಲು ಕೀಳು ಇಲ್ದೆ ಇದ್ದಾತಾ? ಸರಿಯಾಗಿ ಇಚಾರ್ಸು."

ಮಾವ ಮಾತ್ರ ಮೈಯುಜ್ಜುವ ಸ್ಪಂಜನ್ನು ಕೈಯಲ್ಲಿ ಹಿಡಿದು ಹಿಸುಕುತ್ತಲೇ ಇದ್ದರು. ಇದರ ಬಗ್ಗೆ ಅವರು ಕೇಳಿದ್ದರು. ದೊಡ್ಡ ದೊಡ್ಡ ಸಾಹೇಬರ ಬಚ್ಚಲಲ್ಲಿ ಇದು ಇರುತ್ತದಂತೆ. ಯುದ್ಧ ಬಂದಮೇಲೆ ಎಲ್ಲೂ ಸಿಗುವುದಿಲ್ಲವಂತೆ. ಇದು ಯಾವ ಕುಲದ್ದು ಅಂತ ಕೇಳಿದರು. ಮೂರನೆಯದು ಅಂದರು ನಮ್ಮವರು. ಆಮೇಲೆ ತಾವು ಬಂದ ಉದ್ದೇಶವನ್ನೇ ಹೇಳಿದರು. ಸ್ಪಂಜೆಲ್ಲ ಸಮುದ್ರದಲ್ಲೇ ಇರುವುದಿಲ್ಲ, ಕೆಲವು ಸಿಹಿನೀರಿಗೂ ಬಂದಿವೆ. ಕೆರೆಯ ತೂಬಿನಲ್ಲಿ, ಹೊಳೆಯ ಮರದ ಬೇರಿನಲ್ಲಿ ಅಂಟಿಕೊಂಡು ಬೆಳೆಯುತ್ತವೆ. ಬೇಸಿಗೆಯಲ್ಲಿ ನೀರು ಇಳಿದರೆ ಒಣಗಿ ಹಾಗೇ ಕೂತಿರುತ್ತವೆ. ನಮ್ಮ ಸೀಮೆಯಲ್ಲಿ ಯಾವ್ಯಾವುವು ಇವೆ ಅಂತ ಯಾರೂ ನೋಡಿಲ್ಲ, ತಾವು ನೋಡಬೇಕು.

"ಆ ಒಳೇದೂ ಇದೇ ಕುಲವಾ?" ಅಂದರು ಮಾವ.

"ಇದೇ ಕುಲ. ಮೂರನೆಯದೇ."

ಮಾವ ತೃಪ್ತಿಯಿಂದ ತಲೆಯಾಡಿಸಿ, ಎಲೆಯಡಿಕೆ ಉಗಿಯಲು ಎದ್ದು ಹಿತ್ತಲಿಗೆ ಹೋದರು. ಅವರು ಹೋದಮೇಲೆ ನಮ್ಮವರು, "ಆದರೆ ಒಂದು ವ್ಯತ್ಯಾಸ," ಅಂತ ಮುಂದುವರಿಸಿದರು. ಮೈಯುಜ್ಜುವ ಸ್ಪಂಜಿನಲ್ಲಿ ಮುಳ್ಳೇ ಇಲ್ಲ, ಬರೀ ನಾರು. ಅದಕ್ಕೇ ಅಷ್ಟು ಮೆತ್ತಗೆ. ಹೊಳೆಯದರಲ್ಲಿ ಮೈತುಂಬ ಗಾಜಿನ ಸೂಜಿ. ಒಂದೇ ಕುಲದಲ್ಲಿ ಇಷ್ಟು ಅಂತರ ಇರುವುದೇ ಸ್ವಾರಸ್ಯ. ಅಪ್ಪ ತೂಕಡಿಸುತ್ತಿದ್ದರು. ಅಜ್ಜಿ ದನಗಳ ಕಡೆ ಹೋಗಿದ್ದರು. ಆ ಮಾತನ್ನು ಪೂರ್ತಿ ಕೇಳಿದವಳು ನಾನೊಬ್ಬಳೇ. ಮಾವ ಬಾಯಿ ಮುಕ್ಕಳಿಸಿ ಬರುವ ಹೊತ್ತಿಗೆ ಮಾತು ಊಟದ ಕಡೆ ತಿರುಗಿತ್ತು.

ಮಾರನೆಯ ದಿನದಿಂದ ನಮ್ಮವರು ಚಡ್ಡಿ ಹಾಕಿಕೊಂಡು ಕೆರೆಗೆ ಇಳಿದರು. ಊರಿನ ಮ್ಯಾಜಿಸ್ಟ್ರೇಟು ಅಳಿಯ ತೊಡೆಮಟ್ಟ ಕೆಸರಿನಲ್ಲಿ ನಿಂತು ತೂಬಿನ ಕಲ್ಲನ್ನು ಚಾಕುವಿನಿಂದ ಕೆರೆಯುವುದನ್ನು ನೋಡಲು ಏರಿಯ ಮೇಲೆ ಜನ. ತೂಬಿನ ಕೆಳಗೆ ನಿಧಿ ಇದೆ ಅಂತ ಒಬ್ಬ ಅಂದ. ತೂಬಿನ ಬಿರುಕನ್ನು ಸರ್ಕಾರದ ಕಡೆಯಿಂದ ತಪಾಸಣೆ ಮಾಡುತ್ತಿದ್ದಾರೆ ಅಂತ ಇನ್ನೊಬ್ಬ. ಎರಡನೆಯದೇ ವಾಸಿ ಅಂತ ಅಪ್ಪ ಅದನ್ನು ಅಲ್ಲಗಳೆಯಲಿಲ್ಲ. ಸಿಕ್ಕಿದ್ದು ಒಂದೇ ಬಗೆ, ಎಲ್ಲ ಕೆರೆಯಲ್ಲೂ ಸಿಗುವಂಥದ್ದು. ಅದರ ನಾತವೋ, ಹೇಳಲಾರೆ. ಕೊಳೆತ ಮೀನು, ಸೀಮೆಎಣ್ಣೆ, ಒದ್ದೆ ಗೋಣಿ ಮೂರೂ ಕಲೆತ ಹಾಗೆ. ಅವ್ವ ಅದನ್ನು ಮನೆಯೊಳಗೆ ಬಿಡಲಿಲ್ಲ. ನಮ್ಮವರು ಕೊಟ್ಟಿಗೆಯ ಪಕ್ಕದಲ್ಲಿ ಕಾಲೇಜಿನಿಂದ ಎರವಲು ತಂದ ಹಿತ್ತಾಳೆಯ ಸೂಕ್ಷ್ಮದರ್ಶಕ ಇಟ್ಟುಕೊಂಡು ಒಬ್ಬರೇ ಕೂತರು. ಅವರು ಹುಡುಕುತ್ತಿದ್ದದ್ದು ಬೇರೆಯದೊಂದು. ಒಣಗುವಾಗ ಅದು ಬಿಡುವ ಬೀಜದ ಮೇಲಿನ ಮುಳ್ಳು ಗಾಡಿಯ ಅಚ್ಚಿನ ಹಾಗೆ ಇರುತ್ತದಂತೆ, ಎರಡು ಕೊನೆಗೂ ಹಲ್ಲಿನ ಚಕ್ರ. ಇಲ್ಲೆಲ್ಲೋ ಇರಲೇಬೇಕು ಅನ್ನುತ್ತಿದ್ದರು. ಪಿರಿಯಾಪಟ್ಟಣದ ಕಡೆಯ ಕೆರೆಗಳಿಗೂ ಹೋಗಿ ಬಂದರು. ಸಿಗಲಿಲ್ಲ. ಊಟದ ಹೊತ್ತಿನಲ್ಲಿ ಮಾತು ಕಮ್ಮಿಯಾಯಿತು. ನನಗೆ ಪಾಪ ಅನ್ನಿಸಿ, "ಮುಂದಿನ ವರ್ಷ ಸಿಗ್ಬೋದು" ಅಂದೆ. "ಮುಂದಿನ ವರ್ಷ ಬೇರೆಯವರಿಗೆ ಸಿಕ್ಕಿಬಿಟ್ಟರೆ?" ಅಂದರು. ಅದನ್ನು ಹುಡುಕಲು ಈ ಭೂಮಿಯ ಮೇಲೆ ಇನ್ನೊಬ್ಬರು ಇರಬಹುದು ಅಂತ ನನಗೆ ಹೊಳೆದಿರಲಿಲ್ಲ.

ಈ ನಡುವೆ ಮಾವ ತಮ್ಮ ಊರಿಗೆ ಹೋಗಿದ್ದರು. ಅಲ್ಲಿ ಅವರ ಬಹುದಿನದ ಸಂಕಟ ಒಂದಿತ್ತು. ಕಾಡುಹಂದಿ ಅವರ ರಾಗಿ ಹೊಲವನ್ನು ವರ್ಷವರ್ಷವೂ ಉತ್ತು ಹೋಗುತ್ತಿತ್ತು. ಕೋವಿಯ ಲೈಸನ್ಸಿಗೆ ಅರ್ಜಿ ಹಾಕಿದ್ದರು. ತಾಲ್ಲೂಕಿನ ಅಮಲ್ದಾರರ ಶಿಫಾರಸು ಇಲ್ಲದೆ ಅದು ಮೇಲಕ್ಕೆ ಹೋಗುವಂತಿರಲಿಲ್ಲ. ಯಾವ ಅಮಲ್ದಾರರು ಅಂತ ಹೇಳುವುದು ಬೇಡ; ಆ ಸೀಮೆಗೆ ಬಂದು ಹೋದ ಅಮಲ್ದಾರರು ಬಹಳ. ಇವರು ಅಚ್ಚುಕಟ್ಟಾದ ಮನುಷ್ಯರು, ಕೋಟಿನ ಗುಂಡಿ ಒಂದೂ ಬಿಡದೆ ಹಾಕುವವರು. ತುಪ್ಪ ಕಳಿಸಿದರೆ ವಾಪಸು ಬರುತ್ತಿತ್ತು, ಜೇನು ಕಳಿಸಿದರೂ ವಾಪಸು. ಒಂದು ದಿನ ಮಾವ ತಮ್ಮ ಹೊಲದ ಕೆಳಗಿನ ಹಳ್ಳದಲ್ಲಿ ಕಾಲು ತೊಳೆಯುವಾಗ ಮತ್ತಿಮರದ ಬೇರಿನ ತುಂಬ ಕಂಡಿತಂತೆ, ತೂತುತೂತಾಗಿ ಒಣಗಿ ಕೂತ ಗುಂಡುಗಳು. ಹುಟ್ಟಿದಾಗಿನಿಂದ ನೋಡಿದ್ದನ್ನೇ ಅವತ್ತು ಬೇರೆ ಕಣ್ಣಿನಿಂದ ನೋಡಿದರು.

ಮುಂದಿನದು ನಮಗೆ ಗೊತ್ತಾದದ್ದು ಮಾವನ ಬಾಯಿಂದಲೇ. ಒಂದು ಸಂಜೆ ಅವರ ಗಾಡಿ ನಮ್ಮ ಮನೆಯ ಮುಂದೆ ನಿಂತಿತು. ಇಳಿದ ಮಾವನ ಬಾಯಲ್ಲಿ ಎಲೆಯಡಿಕೆ ಇರಲಿಲ್ಲ. ಅದನ್ನು ನೋಡಿಯೇ ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಯಾರಿಗೇನಾಯ್ತೋ?" ಅಂದಳು.

"ಅಮಲ್ದಾರ್ರಿಗೆ," ಅಂದರು ಮಾವ, ಕಂಬಕ್ಕೆ ಒರಗಿ ಕೂತು. "ಅಳಿಯಂದ್ರು ಎಲ್ಲವ್ರೆ?"

ನಮ್ಮವರು ಕೊಟ್ಟಿಗೆ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಅಳಿಯಂದ್ರೇ, ಒಳೇದೂ ಸಮುದ್ರದ್ದೂ ಒಂದೇ ಕುಲ ಅಂದ್ರೋ ಇಲ್ವೋ?"

"ಅಂದೆ."

"ನಾ ಅದ್ರಲ್ಲಿ ದಪ್ಪದ್ದು ನೋಡಿ ಆರಿಸ್ದೆ, ನಾತ ಓಗೋಗಂಟ ಬಿಸ್ಲಿಗಿಕ್ದೆ, ಕತ್ರೀಲಿ ದುಂಡಗೆ ಮಾಡ್ದೆ. ರೇಸ್ಮೆ ವಸ್ತ್ರದಾಗೆ ಸುತ್ತಿ ತಕ್ಕೊಂಡೋಗಿ ಕೊಟ್ಟೆ. ಮೈಸೂರು ಕಾಲೇಜ್ನಾಗಿರೋ ನಮ್ಮ ಮ್ಯಾಜಿಸ್ಟ್ರೇಟು ಅಳಿಯಂದ್ರು ಇದೇ ಕುಲದ್ದು ಅಂತ ಪಾಸು ಮಾಡವ್ರೆ ಬುದ್ಧಿ ಅಂದೆ. ಅವ್ರಿಗೆ ಬಲು ಕುಸಿಯಾಯ್ತು. ತುಪ್ಪಾನೂ ಮುಟ್ಟದೋರು ಇದ್ನ ಎರಡು ಕೈಲೂ ಈಸ್ಕೊಂಡ್ರು."

"ಈಸ್ಕೊಂಡು?" ಅಂದರು ನಮ್ಮವರು.

"ಮೈ ಉಜ್ಕೊಂಡ್ರು ಕಣಪ್ಪ."

ನಮ್ಮವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಾಜಿನ ಸೂಜಿಯ ಮಾತನ್ನು ಮಾವನಿಗೆ ಆಗ ಹೇಳಿದರು. ಮಾವ, "ಅಂತಾ ಮಾತ್ನ ಮೊದ್ಲು ಏಳ್ಬೇಕು, ಕುಲದ ಇಸ್ಯ ಆಮೇಲೆ," ಅಂದರು. ಅದು ನ್ಯಾಯವಾದ ಮಾತು ಅಂತ ಅಜ್ಜಿ ತೀರ್ಪು ಕೊಟ್ಟರು.

ಅಮಲ್ದಾರರು ನಮ್ಮವರನ್ನು ಕರೆದುಕೊಂಡು ಬರಲು ಹೇಳಿದ್ದರು. ಅಜ್ಜಿ ನನ್ನನ್ನೂ ಹೊರಡಿಸಿದರು. "ಗಂಡಸ್ರು ಏನಾದ್ರೂ ಏಳಿ ಕೆಡಿಸ್ತಾರೆ, ನೀನು ಅವ್ರ ಯೆಂಡ್ರ ತಾವ ಮಾತಾಡು" ಅಂದರು. ನಮ್ಮವರು ಸೂಕ್ಷ್ಮದರ್ಶಕವನ್ನೂ ಆಸಿಡ್ಡಿನ ಬಾಟಲಿಯನ್ನೂ ಗಾಡಿಯಲ್ಲಿ ಇಟ್ಟರು. ಇದೇಕೆ ಅಂದೆ. "ಆ ಹಳ್ಳ ನಾನು ನೋಡಿಲ್ಲ," ಅಂದರು. ಗಾಡಿಯ ಹುಲ್ಲಿನ ಮೇಲೆ ಕೂತ ಅವರ ಮುಖದಲ್ಲಿ ದಾರಿಯುದ್ದಕ್ಕೂ ಭಯ ಕಾಣಲಿಲ್ಲ. ಮಾವ ಮಾತ್ರ ಪ್ರತಿಯೊಂದು ಗುಡಿಯ ಮುಂದೂ ಗಾಡಿ ನಿಲ್ಲಿಸಿ ಕೈಮುಗಿದರು.

ಅಮಲ್ದಾರರ ಮನೆ ಕಚೇರಿಯ ಹಿಂದೆಯೇ ಇತ್ತು. ಅವರು ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಪಂಚೆ ಬಿಟ್ಟರೆ ಮೈಮೇಲೆ ಏನೂ ಇಲ್ಲ. ಬೆನ್ನು ಕೆಂಪು ಹುರುಳಿಕಾಳು ಹರಡಿದ ಹಾಗೆ ಎದ್ದಿತ್ತು. ಕೈಯಲ್ಲಿ ಬೀಸಣಿಗೆಯ ಹಿಡಿ. ಅದರಿಂದ ಬೆನ್ನು ಕೆರೆದುಕೊಳ್ಳುತ್ತ, ಬಾಗಿಲಲ್ಲಿ ನಿಂತ ನಮ್ಮವರನ್ನು ನೋಡಿದರು.

"ನೀವೇನಾ ಆ ಸ್ಪಂಜಿನ ಪಂಡಿತರು?"

"ಹೌದು," ಅಂದರು ನಮ್ಮವರು. "ಬೆನ್ನು ತೊಳೆದುಕೊಂಡಿಲ್ಲ ತಾನೆ?"

ನಾನು ಸೆರಗು ಬಿಗಿಹಿಡಿದುಕೊಂಡು ನಿಂತೆ. ಅಮಲ್ದಾರರ ಹೆಂಡತಿ ಬಂದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ತುಂಬಿದ ಮೈಯ, ನಿಧಾನದ ಹೆಂಗಸು. ಮಜ್ಜಿಗೆ ಕೊಟ್ಟು, ಹತ್ತಿರ ಕೂತು, ನಡೆದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದರು. ಡೆಪ್ಯುಟಿ ಕಮಿಷನರ್ ಸಾಹೇಬರ ಕ್ಯಾಂಪು ಬಂದಿತ್ತಂತೆ. ಆ ಬೆಳಗಿಗೇ ಅಂತ ಸ್ಪಂಜನ್ನು ಎತ್ತಿಟ್ಟಿದ್ದರಂತೆ. ಸೀಗೆಪುಡಿ ಬೇಡ ಅಂತ ಹೇಳಿ, ಸೋಪು ಹಚ್ಚಿ, ಬಚ್ಚಲಲ್ಲಿ ಹಾಡು ಗುನುಗುತ್ತ ಚೆನ್ನಾಗಿ ಉಜ್ಜಿಕೊಂಡರಂತೆ.

"ನವಿರಾಗಿ ಚುರುಚುರು ಅನ್ನುತ್ತೆ ಕಣೇ, ರಕ್ತ ಓಡೋದಕ್ಕೆ ಒಳ್ಳೇದು ಅಂದ್ರು," ಅಂದರು ಆಕೆ, ಸೆರಗನ್ನು ಬಾಯಿಗೆ ಒತ್ತಿಕೊಂಡು. "ಆಮೇಲೆ ಬಿಗಿ ಕೋಟು, ಜರಿ ಪೇಟ. ಸಾಹೇಬರ ಮುಂದೆ ನಿಂತ್ಕೊಂಡು ಅರ್ಧ ಗಂಟೆ ಆಗಿಲ್ಲ, ಇವರಿಗೆ ಶುರುವಾಯ್ತಂತೆ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಮೇಲೆ ಕೆಳಗೆ ಮಾಡ್ತಾ ಲೆಕ್ಕ ಒಪ್ಪಿಸಿದ್ರಂತೆ. ಸಾಹೇಬರು ಸಿಡುಬೇನೋ ಅಂತ ಕುರ್ಚಿ ಹಿಂದಕ್ಕೆ ಎಳ್ಕೊಂಡ್ರಂತೆ. ಊಟಕ್ಕೂ ನಿಲ್ಲದೆ ಕ್ಯಾಂಪು ಎತ್ತಿ ಹೊರಟೇಹೋದ್ರು."

"ಅಯ್ಯೋ, ಎಷ್ಟು ತೊಂದರೆಯಾಯ್ತು," ಅಂದೆ.

"ತೊಂದರೆ ಅನ್ನೋ ಹಾಗೂ ಇಲ್ಲ," ಅಂದರು ಆಕೆ ಇನ್ನೂ ತಗ್ಗಿಸಿ. "ಕಚೇರಿ ಕೆಲಸ ಬೇಕಾದಷ್ಟು ಹಿಂದೆ ಬಿದ್ದಿತ್ತು. ಸಾಹೇಬರು ಇನ್ನೊಂದು ದಿನ ನಿಂತಿದ್ರೆ ಎಲ್ಲರಿಗೂ ಕಷ್ಟವೇ. ಗುಮಾಸ್ತರು ನಿನ್ನೆ ಗಣಪತಿಗೆ ಕಾಯಿ ಒಡೆಸಿದ್ರಂತೆ. ಇವರಿಗೆ ಹೇಳ್ಬೇಡ."

ಉಪಾಯ ನನಗೆ ಹೊಳೆದದ್ದು ಆಗಲೇ. ನಮ್ಮ ಹಳ್ಳಿಯಲ್ಲಿ ನಸುಗುನ್ನಿ ಕಾಯಿಯ ತುರಿಸುವ ಚುಂಗು ಮೈಗೆ ತಗುಲಿದರೆ ಅಜ್ಜಿ ಬಿಸಿ ರಾಗಿಮುದ್ದೆಯನ್ನು ಮೈಮೇಲೆ ಹೊರಳಿಸುತ್ತಿದ್ದರು. ಚುಂಗೆಲ್ಲ ಮುದ್ದೆಗೆ ಅಂಟಿಕೊಂಡು ಬರುತ್ತಿತ್ತು. ಹೇಳಿದೆ. ಆದರೆ ಅದು ಅನ್ನದ ಮನೆ. ರಾಗಿಯ ಡಬ್ಬವೇ ಇಲ್ಲ. ಕಚೇರಿಯ ಜವಾನನ ಹೆಂಡತಿ ಹಿಟ್ಟು ತಂದಳು. ಅಡಿಗೆಮನೆಯೊಳಗೆ ನಾನು ಹೋಗುವ ಹಾಗಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿಕೊಟ್ಟರು. ಅಲ್ಲೇ ತೊಳಸಿ ಮುದ್ದೆ ಕಟ್ಟಿದೆ.

ಅದನ್ನು ಹೊರಳಿಸುವವರು ಯಾರು? ಎಲ್ಲರೂ ಮಾವನ ಕಡೆ ನೋಡಿದರು. ಮಾವ ಕೈತೊಳೆದು, ಹೊಟ್ಟೆಗೆ ಪಂಚೆ ಬಿಗಿದು, ಅಮಲ್ದಾರರ ಹಿಂದೆ ಮಂಡಿಯೂರಿದರು. ಹೆಗಲಿನಿಂದ ಸೊಂಟದವರೆಗೆ ಒಮ್ಮೆ, ಸೊಂಟದಿಂದ ಹೆಗಲವರೆಗೆ ಒಮ್ಮೆ. ಮೊದಲ ಸಲಕ್ಕೆ ಅಮಲ್ದಾರರು ಬಿಸಿ ತಾಳದೆ ಸೆಟೆದರು. ಎರಡನೆಯ ಸಲಕ್ಕೆ ಅವರ ಕಣ್ಣು ತಾನಾಗಿ ಮುಚ್ಚಿತು.

"ಎಡಗಡೆ," ಅಂದರು.

ಮಾವ ಎಡಗಡೆ ಹೊರಳಿಸಿದರು.

"ಇನ್ನೂ ಸ್ವಲ್ಪ ಕೆಳಗೆ. ಹಾ. ಅಲ್ಲೇ."

ಮುದ್ದೆ ತಣ್ಣಗಾದಾಗ ಮಾವ ಅದನ್ನು ಹಿತ್ತಲಿಗೆ ಎಸೆಯಲು ಎತ್ತಿದರು. ನಮ್ಮವರು ಓಡಿಬಂದು ಅವರ ಕೈ ಹಿಡಿದುಕೊಂಡರು. "ಎಸೀಬೇಡಿ ಮಾವ. ಅದು ನನಗೆ ಬೇಕು." ಒಂದು ಬಾಳೆಯೆಲೆಯಲ್ಲಿ ಮುದ್ದೆಯನ್ನು ಇಸಿದುಕೊಂಡು ಸೀಬೆಮರದ ಕೆಳಗೆ ಹೋದರು. ನಾನು ಇನ್ನೊಂದು ಮುದ್ದೆ ಕಟ್ಟಿದೆ, ಅಮಲ್ದಾರರು ಕೇಳಿದ್ದರು.

ಸೀಬೆಮರದ ಕೆಳಗೆ ನಮ್ಮವರು ಗಾಜಿನ ನಳಿಗೆಯಲ್ಲಿ ಮುದ್ದೆಯ ಚೂರು ಹಾಕಿ ಆಸಿಡ್ಡಿನಲ್ಲಿ ಕುದಿಸಿದರು. ಕಂದು ಬಣ್ಣದ ಹೊಗೆ ಎದ್ದಿತು. ಕಚೇರಿಯ ಕಿಟಕಿಗಳಲ್ಲಿ ಗುಮಾಸ್ತರ ತಲೆಗಳು ಒಂದರ ಮೇಲೊಂದು ಕಾಣಿಸಿಕೊಂಡವು. ರಾಗಿಯೆಲ್ಲ ಕರಗಿ ತಳದಲ್ಲಿ ಬಿಳಿ ಧೂಳಿನಂಥದ್ದು ಉಳಿಯಿತು. ತೊಳೆದು, ಗಾಜಿನ ಪಟ್ಟಿಗೆ ಒಂದು ಹನಿ ಬಿಟ್ಟು, ಕಣ್ಣಿಟ್ಟರು. ಬಹಳ ಹೊತ್ತು ಎತ್ತಲಿಲ್ಲ. ಎತ್ತಿದಾಗ ಅವರ ಮುಖ ನೋಡಿ ನನಗೆ ಮೊದಲು ಗಾಬರಿಯಾಯಿತು, ಆಮೇಲೆ ತಿಳಿಯಿತು.

"ಚಕ್ರ," ಅಂದರು. "ಬಾ, ನೋಡು."

ನಾನು ನೋಡಿದೆ. ನೀರಿನಲ್ಲಿ ತೇಲುವ ಸೂಜಿಗಳ ರಾಶಿ, ಕನ್ನಡಿಯಷ್ಟು ತಿಳಿ. ಅವುಗಳ ನಡುವೆ ಅಲ್ಲಲ್ಲಿ ಪುಟ್ಟ ಪುಟ್ಟ ಗಾಡಿ ಅಚ್ಚುಗಳು. ಎರಡು ತುದಿಯಲ್ಲೂ ಹಲ್ಲುಹಲ್ಲಾದ ಚಕ್ರ. ಯಾವ ಅಕ್ಕಸಾಲಿಯೂ ಅಷ್ಟು ಸಣ್ಣದು ಮಾಡಲಾರ. ಇಷ್ಟು ದಿನ ಅವರು ಕೊಟ್ಟಿಗೆಯ ಪಕ್ಕದಲ್ಲಿ ಒಬ್ಬರೇ ಕೂತು ನೋಡುತ್ತಿದ್ದದ್ದು ಇಂಥದ್ದನ್ನೇ ಏನು ಅಂತ ನನಗೆ ಆಗ ಅನ್ನಿಸಿತು.

ಅಮಲ್ದಾರರು ಹೆಗಲ ಮೇಲೆ ವಲ್ಲಿ ಹೊದ್ದು ಬಂದರು. ಅವರೂ ಒಂದು ಕಣ್ಣು ಮುಚ್ಚಿ ನೋಡಿದರು.

"ಇದು ನನ್ನ ಬೆನ್ನಲ್ಲಿ ಇತ್ತೆ?"

"ಸಾವಿರಗಟ್ಟಲೆ," ಅಂದರು ನಮ್ಮವರು. "ನಮ್ಮ ಸಂಸ್ಥಾನದಲ್ಲಿ ಇದನ್ನ ಇನ್ನೂ ಯಾರೂ ಕಂಡಿಲ್ಲ ಅಂತ ನನ್ನ ಎಣಿಕೆ. ನಿಮ್ಮ ಬೆನ್ನಲ್ಲೇ ಮೊದಲು."

ಅಮಲ್ದಾರರು ಮತ್ತೊಮ್ಮೆ ನೋಡಿದರು. ನೆಟ್ಟಗೆ ನಿಂತರು. "ನಮ್ಮವಳನ್ನ ಕರೀರಿ, ಅವಳೂ ನೋಡಲಿ," ಅಂದರು. ಹೆಂಡತಿ ನೋಡಿದರು, ಆಮೇಲೆ ಗುಮಾಸ್ತರು, ಜವಾನ, ಜವಾನನ ಹೆಂಡತಿ. ಕ್ಯೂ ನಿಂತಿತು. ಪ್ರತಿಯೊಬ್ಬರೂ ಮೊದಲು ಸೂಕ್ಷ್ಮದರ್ಶಕದೊಳಗೆ, ಆಮೇಲೆ ಅಮಲ್ದಾರರ ಬೆನ್ನಿನ ಕಡೆ ನೋಡಿ ಗೌರವದಿಂದ ಪಕ್ಕಕ್ಕೆ ಸರಿದರು.

ಈ ಗಳಿಗೆಯೇ ಸರಿ ಅಂತ ಮಾವ ಕೈಮುಗಿದು ಮುಂದೆ ಬಂದರು. "ಬುದ್ಧಿ, ಆ ಕೋವಿ ಇಸ್ಯ."

ಅಮಲ್ದಾರರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಮೈ ಉಜ್ಜೋದು ಯಾವುದು, ಮೈ ಕೊಯ್ಯೋದು ಯಾವುದು ಅಂತ ಗೊತ್ತಾಗದ ನಿನಗೆ ಕೋವಿ ಕೊಟ್ಟರೆ, ಕತ್ತಲಲ್ಲಿ ಹಂದಿ ಯಾವುದು, ನಾನು ಯಾವುದು ಅಂತ ಹೇಗೆ ಗುರುತು ಹಿಡೀತೀಯಪ್ಪ?"

"ಹಂದಿಗೆ ಬಾಲ ಇರ್ತದೆ ಬುದ್ಧಿ," ಅಂದರು ಮಾವ.

ಒಳಗಿನಿಂದ ಅಮಲ್ದಾರರ ಹೆಂಡತಿಯ ನಗು ಕೇಳಿಸಿತು. ಅದು ನಿಲ್ಲದ್ದನ್ನು ಕೇಳಿ ಕೊನೆಗೆ ಅಮಲ್ದಾರರೂ ನಕ್ಕರು. ನಗುವಾಗ ಬೆನ್ನು ಎಳೆದು "ಹಾ" ಅಂದರು. ಶಿಫಾರಸು ಅವತ್ತು ಆಗಲಿಲ್ಲ. ಯೋಚನೆ ಮಾಡೋಣ ಅಂದರು.

ಅಲ್ಲಿಂದ ನೇರ ಮಾವನ ಹಳ್ಳಿಗೆ ಹೋದೆವು. ನಮ್ಮವರು ಗಾಡಿ ನಿಲ್ಲುವ ಮುಂಚೆಯೇ ಹಾರಿ ಹಳ್ಳದ ಕಡೆ ನಡೆದರು. ಮತ್ತಿಮರದ ನೆರಳಿನಲ್ಲಿ ಬೇಸಿಗೆಯಲ್ಲೂ ಒಂದು ಮಡು ಉಳಿದಿತ್ತು. ಬೇರಿನ ಮೇಲ್ಭಾಗದಲ್ಲಿ ಒಣಗಿದವು, ನೀರಿನೊಳಗೆ ಹಸಿರಾಗಿ ಬದುಕಿದ್ದವು. ನಾನು ಸೀರೆ ಎತ್ತಿಕಟ್ಟಿ ಇಳಿದೆ. ಇವರು ಮಾವನ ಹೆಂಡತಿಯ ಹತ್ತಿರ ಒಂದು ಚಿಟಿಕೆ ಅರಿಶಿನ ಇಸಿದುಕೊಂಡು ಬಂದು, ನೀರಿನೊಳಗಿನ ಒಂದು ಗುಂಡಿನ ಪಕ್ಕದಲ್ಲಿ ಮೆಲ್ಲಗೆ ಉದುರಿಸಿದರು.

"ಈಗ ಅಲ್ಲಾಡಬೇಡ," ಅಂದರು.

ಅರಿಶಿನದ ಧೂಳು ನೀರಿನಲ್ಲಿ ಸುಮ್ಮನೆ ಇಳಿಯುತ್ತಿತ್ತು. ಗುಂಡಿನ ನೆತ್ತಿಯ ತೂತಿನ ಮೇಲೆ ಬಂದ ಕೂಡಲೇ ಯಾರೋ ಊದಿದ ಹಾಗೆ ಮೇಲಕ್ಕೆ ಚಿಮ್ಮಿತು. ಇನ್ನೊಂದು ಕಣ, ಅದೂ ಹಾಗೇ. ಕಣ್ಣಿಲ್ಲ, ಬಾಯಿಲ್ಲ, ಅಲ್ಲಾಡುವುದಿಲ್ಲ. ಆದರೂ ಒಳಗೆ ಯಾವಾಗಲೂ ಏನೋ ನಡೆಯುತ್ತಲೇ ಇತ್ತು. ದಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದ ಮಾವ ಬಗ್ಗಿ ನೋಡಿ, "ಉಸಿರಾಡ್ತದೆ ಕಣವ್ವ," ಅಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಮ್ಮವರು ಒಂದು ಜಾಡಿಯನ್ನು ಕಲ್ಕತ್ತೆಯ ವಿದ್ವಾಂಸರೊಬ್ಬರಿಗೆ ಕಳಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಬಂತು: ಇದು ಹೊಸ ಜಾತಿಯಲ್ಲ, ಮಲೆಯಾಳದ ಕಡೆ ಮೊದಲೇ ಸಿಕ್ಕಿದೆ, ಮೈಸೂರು ಸೀಮೆಯಲ್ಲಿ ಮಾತ್ರ ಮೊದಲು. ಇವರು ಆ ಸಂಜೆ ಊಟ ಬಿಟ್ಟರು. ಬೆಳಿಗ್ಗೆ ಎದ್ದು, "ಅಂದರೆ ಅದು ಕಾಡು ದಾಟಿ ಬಂದಿದೆ. ಹೇಗೆ ಬಂತು?" ಅಂತ ಕೇಳುತ್ತ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಹಕ್ಕಿಗಳ ಕಾಲಿಗೆ ಅಂಟಿಕೊಂಡು ಬಂದಿರಬೇಕು ಅಂತ ಒಂದು ವಾರ ತೀರ್ಮಾನ. ಆನೆಗಳ ಕಾಲಿಗೆ ಅಂತ ಮುಂದಿನ ವಾರ.

ಮಾವನಿಗೆ ಲೈಸನ್ಸು ಬಂದದ್ದು ಯುದ್ಧ ಮುಗಿದಮೇಲೆ. ಅಷ್ಟು ಹೊತ್ತಿಗೆ ಆ ಅಮಲ್ದಾರರಿಗೆ ವರ್ಗವಾಗಿತ್ತು; ಹೊರಡುವ ಮುಂಚೆ ಅವರೇ ಶಿಫಾರಸು ಬರೆದು ಹೋಗಿದ್ದರಂತೆ. ಮಾವ ಕೋವಿ ತಂದು ಒಂದೇ ಒಂದು ಸಲ ಹಾರಿಸಿದರು. ಆ ಶಬ್ದಕ್ಕೆ ಅವರ ಎತ್ತುಗಳು ಹಗ್ಗ ಕಿತ್ತುಕೊಂಡು ಸರಗೂರಿನ ದಾರಿ ಹಿಡಿದವು. ಅಂದಿನಿಂದ ಕೋವಿ ಗೋಡೆಯ ಗೂಟಕ್ಕೆ ಏರಿತು. ಹಂದಿಗಳನ್ನು ಓಡಿಸಲು ಮಾವ ತಮಟೆಯನ್ನೇ ಬಡಿಯುತ್ತಿದ್ದರು.

ಹಳ್ಳದಿಂದ ತಂದ ಒಣ ಸ್ಪಂಜಿನ ತುಂಡೊಂದು ಮೈಸೂರಿನ ನಮ್ಮ ಮನೆಯ ಅಡಿಗೆಮನೆಯ ಗೂಡಿನಲ್ಲಿ ಬಹಳ ದಿನ ಇತ್ತು. ಅದರಲ್ಲಿ ಸಾಸಿವೆಕಾಳಿನಂಥ ಬೀಜಗಳು. ಎಷ್ಟು ಒಣಗಿದರೂ ಸಾಯುವುದಿಲ್ಲ, ನೀರು ಸಿಕ್ಕಿದರೆ ಮತ್ತೆ ಚಿಗುರುತ್ತವೆ ಅಂತ ಇವರು ಹೇಳಿದ್ದರು. ಅದು ಯಾವಾಗ ಗೂಡಿನಿಂದ ಜಾರಿ ಕೆಳಗಿನ ಕುಡಿಯುವ ನೀರಿನ ಗುಡಾಣದೊಳಗೆ ಬಿತ್ತೋ ಯಾರೂ ನೋಡಲಿಲ್ಲ. ಒಂದು ದಿನ ಗುಡಾಣ ತೊಳೆಯಲು ಬಗ್ಗಿಸಿದರೆ ಒಳಗಿನ ಗೋಡೆಗೆ ಅಕ್ಕಿಕಾಳಿನಷ್ಟರ ಬಿಳಿ ಚುಕ್ಕೆಗಳು ಮೆತ್ತಿಕೊಂಡಿದ್ದವು. ಇವರು ನೋಡಿದವರೇ ಗುಡಾಣವನ್ನು ಎರಡು ಕೈಯಿಂದ ತಬ್ಬಿಕೊಂಡು ಕಾಲೇಜಿಗೆ ಹೊರಟರು. ಅತ್ತೆ, ಇವರ ತಾಯಿ, ಕೃಷ್ಣರಾಜನಗರದ ಕಡೆಯಿಂದ ಬಂದು ಆ ವಾರವೆಲ್ಲ ನಮ್ಮಲ್ಲೇ ಇದ್ದರು, ಅದೇ ನೀರು ಕುಡಿದಿದ್ದರು.

"ಗುಡಾಣ ಎಲ್ಲಿಗೆ ತಕೊಂಡೋದ?" ಅಂದರು. "ನೀರು ಎಷ್ಟು ತಿಳಿಯಾಗಿತ್ತು. ನಮ್ಮ ಎಡತೊರೆ ಒಳೆ ನೀರಂಗೆ."

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊಸ ಗುಡಾಣ ತರಲು ಹೊರಟೆ.